ಕಾರಿನಲ್ಲಿ ತಾಳಮದ್ದಳೆಯ ಅರ್ಥ ಕೇಳಬೇಕಾದರೆ

"ಚೆಂಡೆ ಮಾಂತ್ರ ಕೇಳ್ತು ಮಗಳೇ, ಅರ್ಥ ಕೇಳ್ತಿಲ್ಲೆ."

ಬದಿಯಡ್ಕದಿಂದ ಹೊರಟು ಸೀತಾಂಗೋಳಿ ದಾಟುವಷ್ಟರಲ್ಲಿ ಅಪ್ಪ ಇದನ್ನು ಮೂರು ಸಲ ಹೇಳಿದ್ದರು. ಕಣ್ಣಿನ ಪರೀಕ್ಷೆಗೆಂದು ಎರಡು ತಿಂಗಳಿಗೊಮ್ಮೆ ಅವರನ್ನು ಮಂಗಳೂರಿಗೆ ಕರೆದುಕೊಂಡು ಹೋಗುತ್ತೇನೆ. ಕುಂಬಳೆಯಲ್ಲಿ ಹೆದ್ದಾರಿ ಸೇರಿದ ಮೇಲೂ 40 ಕಿಲೋಮೀಟರ್ ಆಸುಪಾಸಿನ ದಾರಿ ಉಳಿಯುತ್ತದೆ. ಪೇಪರು ಓದಲು ಅವರ ಕಣ್ಣಿಗೆ ಆಗುವುದಿಲ್ಲ, ಕಿಟಕಿಯಾಚೆ ಎಲ್ಲ ಮಸುಕು. ಆ ಹೊತ್ತಿನಲ್ಲಿ ಅವರಿಗೆ ಬೇಕಾದದ್ದು ತಾಳಮದ್ದಳೆ, ಎಂದರೆ ವೇಷ-ಕುಣಿತವಿಲ್ಲದೆ ಕೂತು ನಡೆಸುವ ಯಕ್ಷಗಾನ, ಒಂದೇ. ಭಾಗವತರು ಹಾಡುವ ಪದ್ಯ ಮುಗಿದು, ಪಾತ್ರದ ಮಾತು (ಅದನ್ನೇ ಅರ್ಥ ಎನ್ನುವುದು) ಹೇಳುವ ಅರ್ಥಧಾರಿ ತೊಡಗಿದೊಡನೆ ಸೀಟಿನಲ್ಲಿ ತುಸು ಮುಂದಕ್ಕೆ ಬಾಗಿ ಕೂರುತ್ತಾರೆ. ಆ ಮಾತೇ ಕೇಳಿಸದಿದ್ದರೆ ಉಳಿದದ್ದು ಕೇಳಿ ಎಂತ ಪ್ರಯೋಜನ?

ನಾನು ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಕಲಿಸುವವಳು. ಕಾರು ಸೆಕೆಂಡ್ ಹ್ಯಾಂಡಿಗೆ ತೆಗೆದುಕೊಂಡ ಹಳೆಯ ಆಲ್ಟೊ. ಪ್ಲೇಯರ್, ತಮ್ಮ ದುಬೈಯಿಂದ ಬರುವಾಗ ತಂದುಕೊಟ್ಟ 160 ಜಿಬಿಯ ಐಪಾಡ್ ಕ್ಲಾಸಿಕ್. 2014ರಲ್ಲಿ ಅದರ ಮಾರಾಟವೇ ನಿಂತಿತು, ಆದರೆ ನನ್ನದು ಇವತ್ತಿಗೂ ಹಾಡುತ್ತದೆ. ನಿಮ್ಮಲ್ಲಿರುವುದು ಮೆಮೊರಿ ಕಾರ್ಡ್ ಹಾಕುವ ಸಣ್ಣ ಪ್ಲೇಯರ್ ಆಗಿರಲಿ, ಸಿಮ್ ತೆಗೆದಿಟ್ಟ ಹಳೆಯ ಮೊಬೈಲ್ ಆಗಿರಲಿ, ಜೋಡಿಸುವ ಕ್ರಮ ಒಂದೇ. ದಿನಬಳಕೆಯ ಮೊಬೈಲಿನಲ್ಲೇ ಹಾಕಬಾರದೇ ಎಂದು ಕೇಳುವವರಿದ್ದಾರೆ. ಹಾಕಬಹುದು. ಆದರೆ ಅರ್ಥದ ನಡುವೆ ಫೋನು ಬಂದರೆ ಮಾತು ಕಡಿದುಹೋಗುತ್ತದೆ, ಕೈಯೂ ಅತ್ತ ಹೋಗುತ್ತದೆ. ನೋಡದೆ ಬೆರಳಿನಿಂದಲೇ ತಡಕಿ ಒತ್ತಬಹುದಾದ ಗುಂಡಿ ಇರುವ ಪ್ಲೇಯರಿಗೆ ಗಾಜಿನ ಪರದೆ ಸಾಟಿಯಲ್ಲ. ಕಾರು ಓಡಿಸುವಾಗ ಅದು ಬಹಳ ದೊಡ್ಡ ವ್ಯತ್ಯಾಸ.

ಮೊದಲು ಸ್ಟೀರಿಯೊದ ಮುಖ ನೋಡಿ

ಡ್ಯಾಶ್‌ಬೋರ್ಡಿನ ಸ್ಟೀರಿಯೊದಲ್ಲಿ ಆಕ್ಸ್ (AUX) ಎಂದು ಬರೆದ, ಹೊರಗಿನ ಪ್ಲೇಯರ್ ಜೋಡಿಸುವ ಸಣ್ಣ ದುಂಡು ತೂತು ಇದೆಯೇ? ಕೆಲವದರಲ್ಲಿ ರಬ್ಬರ್ ಮುಚ್ಚಳದ ಅಡಿಯಲ್ಲಿರುತ್ತದೆ, ಕೆಲವದರಲ್ಲಿ ಹಿಂದುಗಡೆ ಕೆಂಪು-ಬಿಳಿ ಎರಡು ಪಿನ್ನಿನ ರೂಪದಲ್ಲಿರುತ್ತದೆ. ಇದ್ದರೆ ಬೇರೆ ಯೋಚನೆ ಬೇಡ, ವಯರಿನಲ್ಲೇ ಜೋಡಿಸಿ. ನಾನು ಮೂರೂ ದಾರಿ ನಡೆದು ನೋಡಿ ಹೇಳುತ್ತಿದ್ದೇನೆ.

ನನ್ನ ಮೊದಲ ಪ್ರಯತ್ನ ಎಫ್‌ಎಂ ಟ್ರಾನ್ಸ್‌ಮಿಟರ್. ಸಿಗರೇಟ್ ಲೈಟರಿನ ಸಾಕೆಟ್ಟಿಗೆ ಚುಚ್ಚಿ, ಪ್ಲೇಯರಿಗೆ ಸಿಕ್ಕಿಸಿ, ಕಾರಿನ ರೇಡಿಯೊವನ್ನು ಅದೇ ಸ್ಟೇಷನ್ನಿಗೆ ತಿರುಗಿಸಿದರೆ ಆಯಿತು. ಮನೆಯಂಗಳದಲ್ಲಿ ಚೆನ್ನಾಗಿಯೇ ಕೇಳಿತು. ತೊಂದರೆ ಬಂದದ್ದು ಮಂಜೇಶ್ವರ ದಾಟಿದ ಮೇಲೆ. ನಮ್ಮ ಎಫ್‌ಎಂ ಇರುವುದೇ 87.5ರಿಂದ 108 ಮೆಗಾಹರ್ಟ್ಸ್ ಒಳಗೆ. ಗುಡ್ಡದ ಮರೆಯಲ್ಲಿರುವ ನಮ್ಮೂರಿನಲ್ಲಿ ಖಾಲಿ ಕಂಡ ಜಾಗ ಮಂಗಳೂರು ಹತ್ತಿರವಾದಂತೆ ಖಾಲಿ ಉಳಿಯುವುದಿಲ್ಲ. ಒಂದೇ ಜಾಗದಲ್ಲಿ ಎರಡು ಸ್ಟೇಷನ್ ಬಂದರೆ ಎಫ್‌ಎಂ ರೇಡಿಯೊ ಎರಡನ್ನೂ ಬೆರೆಸಿ ಕೇಳಿಸುವುದಿಲ್ಲ, ಬಲವಾದದ್ದನ್ನು ಹಿಡಿದು ಇನ್ನೊಂದನ್ನು ಒತ್ತಿಬಿಡುತ್ತದೆ. ಹಾಗಾಗಿ ಅರ್ಧ ವಾಕ್ಯ ಅರ್ಥಧಾರಿಯದು, ಉಳಿದರ್ಧ ಜಾಹೀರಾತು. ಊರೊಳಗೇ ಓಡಾಡುವವರಿಗೆ ಇದು ಸಾಕಾದೀತು. ತಲಪಾಡಿ ಗಡಿ ದಾಟಿ ಹೋಗುವವರಿಗೆ ಬೇಡ.

ಎರಡನೆಯದು ಕ್ಯಾಸೆಟ್ ಅಡಾಪ್ಟರ್. ಆಗ ಕಾರಿನಲ್ಲಿದ್ದದ್ದು ಕ್ಯಾಸೆಟ್ ಡೆಕ್. ಕ್ಯಾಸೆಟ್ಟಿನ ಆಕಾರದ ಡಬ್ಬಿ, ಒಳಗೆ ಟೇಪಿನ ಬದಲು ಸಣ್ಣದೊಂದು ಹೆಡ್. ಪ್ಲೇಯರಿನಿಂದ ಬಂದ ವಿದ್ಯುತ್ತು ಅದರಲ್ಲಿ ಕಾಂತಕ್ಷೇತ್ರವಾಗುತ್ತದೆ, ಎದುರಿಗೆ ತಾಗಿ ನಿಂತ ಡೆಕ್ಕಿನ ಹೆಡ್ ಅದನ್ನೇ ಟೇಪು ಎಂದು ಓದಿಕೊಳ್ಳುತ್ತದೆ. ಬುದ್ಧಿವಂತಿಕೆಯ ಸಾಧನ. ಎಫ್‌ಎಂಗಿಂತ ಖಂಡಿತ ಮೇಲು. ಡೆಕ್ಕಿನ ಹೆಡ್ಡನ್ನು ಹತ್ತಿಗೆ ಸ್ಪಿರಿಟ್ ಅದ್ದಿ ಒರೆಸಿ ಹಾಕಿದರೆ ಮಾತು ಸ್ಪಷ್ಟ. ಅಡಾಪ್ಟರಿನ ಹಲ್ಲುಚಕ್ರಗಳು ಬಿಗಿಯಾದರೆ ಮಾತ್ರ ಆಟೋ ರಿವರ್ಸ್ ಇರುವ ಡೆಕ್ಕು ಟೇಪು ಮುಗಿಯಿತೆಂದು ತಿಳಿದು ಟಕ್ ಟಕ್ ಎಂದು ಬದಿ ಬದಲಿಸುತ್ತಲೇ ಇರುತ್ತದೆ. ನನ್ನ ಡೆಕ್ಕಿನ ಮೋಟಾರು ಕೆಟ್ಟ ಮೇಲೆ ಆಕ್ಸ್ ಇರುವ ಬೇರೆ ಸ್ಟೀರಿಯೊ ಹಾಕಿಸಿದೆ. ಸಾಮಾನ್ಯ ಸ್ಟೀರಿಯೊದ ಅಳತೆ 180 ಮಿ.ಮೀ. ಅಗಲ, 50 ಮಿ.ಮೀ. ಎತ್ತರ. ಹೊಸತು ಕೊಳ್ಳುವಾಗ ಆ ಕಿಂಡಿಯನ್ನು ಅಳೆದುಕೊಂಡು ಹೋಗಿ.

ಬ್ಲೂಟೂತ್ ಇರುವವರಿಗೆ ವಯರಿನ ಕೆಲಸ ಉಳಿಯಿತು. ನನ್ನ ಪ್ಲೇಯರಿನಲ್ಲಿ ಅದಿಲ್ಲ.

ವಯರು, ಪಿನ್ನು

ಬೇಕಾದದ್ದು ಎರಡೂ ತುದಿಯಲ್ಲಿ 3.5 ಮಿ.ಮೀ. ಪಿನ್ ಇರುವ ಆಡಿಯೊ ವಯರ್. ಪಿನ್ನಿನ ಮೇಲೆ ಎರಡು ಕಪ್ಪು ಗೆರೆ ಇರಬೇಕು. ಆ ಗೆರೆಗಳು ಲೋಹವನ್ನು ಮೂರು ಭಾಗ ಮಾಡುತ್ತವೆ: ತುದಿ ಎಡ ಚಾನಲ್, ನಡುವಿನ ಉಂಗುರ ಬಲ ಚಾನಲ್, ಬುಡ ಎರಡಕ್ಕೂ ಸೇರಿದ ಅರ್ತ್, ಎಂದರೆ ವಿದ್ಯುತ್ತು ಮರಳುವ ದಾರಿ. ಮೂರು ಗೆರೆಯದ್ದು ಮೈಕ್ ಇರುವ ಹೆಡ್‌ಫೋನಿನ ಪಿನ್. ಕೆಲವು ಸ್ಟೀರಿಯೊಗಳಲ್ಲಿ ಅದರ ಅರ್ತ್ ಸರಿಯಾಗಿ ಕೂರುವುದಿಲ್ಲ, ಕೊಳ್ಳದಿರುವುದೇ ಒಳ್ಳೆಯದು.

ಉದ್ದ 1 ಮೀಟರ್ ಧಾರಾಳ. ಹಿಂದಿನ ಸೀಟಿಗೂ ಮುಟ್ಟಲಿ ಎಂದು 3 ಮೀಟರಿನದ್ದು ತಂದರೆ ಉಳಿದ ಸುರುಳಿ ಗೇರಿನ ಕಾಲಿಗೆ ಸುತ್ತಿಕೊಳ್ಳುತ್ತದೆ. ಪ್ಲೇಯರಿನ ಕಡೆಗೆ ಎಲ್ ಆಕಾರಕ್ಕೆ ಬಾಗಿದ ಪಿನ್ ಒಳ್ಳೆಯದು, ಕೈ ತಾಗಿದರೂ ಸಾಕೆಟ್ಟಿನ ಮೇಲೆ ಒತ್ತಡ ಬೀಳುವುದಿಲ್ಲ. ಸ್ಟೀರಿಯೊದ ಕಡೆಗೆ ಪಿನ್ನಿನ ಹಿಡಿಕೆ ಸಪುರ ಇರಲೇಬೇಕು. ಇದು ಯಾಕೆಂಬುದನ್ನು ಈಗಲೇ ಹೇಳುತ್ತೇನೆ, ನನ್ನ ಒಂದು ತಿಂಗಳು ಹೋದದ್ದು ಇದರಲ್ಲೇ.

ಅರ್ಥ ಎಲ್ಲಿ ಹೋಯಿತು?

ಅಪ್ಪ ಚೆಂಡೆ ಮಾತ್ರ ಕೇಳುತ್ತದೆ ಎಂದಾಗ ನಾನು ಮೊದಲು ಟ್ರೆಬಲ್ ಏರಿಸಿದೆ. ಚೆಂಡೆ ಇನ್ನಷ್ಟು ಚುಚ್ಚಿತು, ಮಾತು ಬರಲಿಲ್ಲ. ಬೇಸ್ ಇಳಿಸಿದೆ, ವಾಲ್ಯೂಮ್ ಏರಿಸಿದೆ. ಮಾತು ದೂರದ ಬಾವಿಯೊಳಗಿನಿಂದ ಬಂದ ಹಾಗೆ. ಅಪ್ಪನ ಕಿವಿಯೇ ಮಂದವಾಯಿತೇನೋ ಎಂದುಕೊಂಡೆ. ಆದರೆ ಹೆಡ್‌ಫೋನ್ ಹಾಕಿ ಕೇಳಿಸಿದರೆ ಅವರಿಗೆ ಒಂದೊಂದು ಅಕ್ಷರವೂ ಕೇಳುತ್ತಿತ್ತು.

ಅಪ್ಪ ತಾವೇ ಕೂಟಗಳಿಗೆ ಹೋಗಿ ಟೇಪ್ ರೆಕಾರ್ಡರ್ ಇಟ್ಟು ತುಂಬಿಸಿದ ಹಳೆಯ ಕ್ಯಾಸೆಟ್ಟುಗಳು ಎಲ್ಲ ಮೋನೊ, ಎಂದರೆ ಎಡಕ್ಕೂ ಬಲಕ್ಕೂ ಒಂದೇ ಸದ್ದು. ಒಂದು ದಿನ ಅದರಲ್ಲೊಂದನ್ನು ಹಾಕಿದೆ. ಕಾರಿನಲ್ಲಿ ಹೆಚ್ಚುಕಡಿಮೆ ನಿಶ್ಶಬ್ದ! ಚೆಂಡೆಯೂ ಇಲ್ಲ. ಪ್ಲೇಯರಿನ ಬ್ಯಾಟರಿ ಇಳಿದಿತ್ತು, ಚಾರ್ಜರ್ ಚುಚ್ಚಿದೆ. ಮರುಕ್ಷಣ ಭಾಗವತರ ಸ್ವರ ತುಂಬಿ ಬಂತು, ಅದರ ಹಿಂದೆಯೇ ಆಕ್ಸಿಲರೇಟರ್ ಒತ್ತಿದಷ್ಟೂ ಏರುವ ಕುಂಯ್ ಎಂಬ ಸದ್ದೂ ಬಂತು. ಚಾರ್ಜರ್ ತೆಗೆದರೆ ಕುಂಯ್ ಹೋಯಿತು, ಭಾಗವತರೂ ಹೋದರು.

ಗಾಡಿಯನ್ನು ಬದಿಗೆ ನಿಲ್ಲಿಸಿ ಎರಡು ನಿಮಿಷ ಯೋಚಿಸಿದ ಮೇಲೆ ಲೆಕ್ಕ ಕೂಡಿತು. ಪಿನ್ನಿನ ಬುಡ, ಎಂದರೆ ಅರ್ತ್, ಸ್ಟೀರಿಯೊದ ಒಳಗೆ ತಾಗುತ್ತಿರಲಿಲ್ಲ. ಅರ್ತ್ ಇಲ್ಲದಾಗ ಎಡ ಚಾನಲಿನ ವಿದ್ಯುತ್ತು ಬಲ ಚಾನಲಿನ ದಾರಿಯಾಗಿಯೇ ಮರಳಬೇಕು. ಆಗ ಸ್ಪೀಕರಿಗೆ ಸಿಗುವುದು ಎರಡು ಚಾನಲುಗಳ ವ್ಯತ್ಯಾಸ ಮಾತ್ರ. ಸ್ಟೀರಿಯೊ ಧ್ವನಿಮುದ್ರಣದಲ್ಲಿ ಮಾತಾಡುವವರ ಸ್ವರವನ್ನು ಸಾಮಾನ್ಯವಾಗಿ ಎಡ-ಬಲ ಎರಡರಲ್ಲೂ ಸಮನಾಗಿ ಇಟ್ಟಿರುತ್ತಾರೆ, ಚೆಂಡೆಯನ್ನು ಒಂದು ಬದಿಗೆ. ಸಮನಾದದ್ದನ್ನು ಸಮನಾದದ್ದರಿಂದ ಕಳೆದರೆ ಸೊನ್ನೆ. ಹಾಗೆ ಅರ್ಥ ಅಳಿಸಿಹೋಗಿ ಚೆಂಡೆ ಉಳಿಯುತ್ತಿತ್ತು. ಮೋನೊದಲ್ಲಿ ಎಲ್ಲವೂ ಸಮ, ಹಾಗಾಗಿ ಎಲ್ಲವೂ ಅಳಿಸಿತು. ಚಾರ್ಜರ್ ಹಾಕಿದಾಗ ಪ್ಲೇಯರಿಗೆ ಚಾರ್ಜರಿನ ವಯರಿನ ಮೂಲಕ ಕಾರಿನ ಬಾಡಿಯ ಅರ್ತ್ ಸಿಗುತ್ತಿತ್ತು, ಮಾತು ಮರಳುತ್ತಿತ್ತು. ಆದರೆ ಆ ಸುತ್ತುದಾರಿಯಲ್ಲಿ ಕಾರಿನ ಗಲಾಟೆಯೆಲ್ಲ ಬೆರೆಯುತ್ತಿತ್ತು.

ಕಾರಣ ಇಷ್ಟೇ: ನಾನು ತಂದ ವಯರಿನ ಪಿನ್ನಿಗೆ ದಪ್ಪ ರಬ್ಬರ್ ಹಿಡಿಕೆ. ಸ್ಟೀರಿಯೊದ ಆಕ್ಸ್ ತೂತು ಮುಖಪಟ್ಟಿಯಿಂದ ತುಸು ಒಳಗಿತ್ತು. ಹಿಡಿಕೆ ಅಂಚಿಗೆ ತಾಗಿ ಪಿನ್ ಪೂರ್ತಿ ಒಳಗೆ ಹೋಗದೆ ಒಂದೂವರೆ ಮಿಲಿಮೀಟರಿನಷ್ಟು ಹೊರಗೇ ನಿಂತಿತ್ತು. ಬ್ಲೇಡಿನಲ್ಲಿ ರಬ್ಬರನ್ನು ಸ್ವಲ್ಪ ಹೆರೆದೆ. ಪಿನ್ ಟಕ್ ಎಂದು ಕೂತಿತು.

ನಿಮ್ಮ ಕಾರಿನಲ್ಲಿ ಹಾಡು ಹೇಳುವವರ ಸ್ವರ ಮಾತ್ರ ದೂರ ಹೋದಂತಿದ್ದರೆ ಈಕ್ವಲೈಸರ್ ಮುಟ್ಟುವ ಮೊದಲು ಇದನ್ನು ನೋಡಿ. ಪಿನ್ ಒತ್ತಿ ಹಿಡಿದು ಕೇಳಿ, ತುಸು ತಿರುಗಿಸಿ ಕೇಳಿ. ವಯರನ್ನೇ ಪರೀಕ್ಷಿಸಲು ಮಲ್ಟಿಮೀಟರನ್ನು ಬೀಪ್ ಸದ್ದಿಗೆ ಇಟ್ಟು, ಒಂದು ಪಿನ್ನಿನ ಬುಡದಿಂದ ಇನ್ನೊಂದರ ಬುಡಕ್ಕೆ ಹಿಡಿದು ವಯರನ್ನು ಅಲ್ಲಾಡಿಸಿ. ಬೀಪ್ ಕಡಿದು ಕಡಿದು ಬಂದರೆ ವಯರು ಒಳಗೆ ತುಂಡಾಗಿದೆ. ತುದಿಯಿಂದ ತುದಿಗೆ, ಉಂಗುರದಿಂದ ಉಂಗುರಕ್ಕೂ ಹಾಗೆಯೇ ನೋಡಿ. ನಮ್ಮ ಕರಾವಳಿಯ ಹವೆಯಲ್ಲಿ ಸಾಕೆಟ್ಟಿಗೆ ಬೇಗ ಕಿಲುಬು ಹಿಡಿಯುತ್ತದೆ. ಪಿನ್ನಿಗೆ ಸರ್ಜಿಕಲ್ ಸ್ಪಿರಿಟ್ ಸವರಿ ಐದಾರು ಸಲ ಒಳಗೆ ಹೊರಗೆ ಮಾಡಿದರೆ ಅದು ಬಿಡುತ್ತದೆ. ಇದನ್ನು ಸ್ಟೀರಿಯೊ ಆಫ್ ಮಾಡಿಯೇ ಮಾಡಿ.

ಕುಂಯ್ ಎನ್ನುವ ಸದ್ದು

ಇದು ಬೇರೆ ತೊಂದರೆ, ಆದರೆ ಇದೂ ಅರ್ತಿನದ್ದೇ. ಇಂಜಿನ್ ನಿಂತಿರುವಾಗ ಬ್ಯಾಟರಿ 12.6 ವೋಲ್ಟಿನ ಹತ್ತಿರ ಇರುತ್ತದೆ. ಓಡುವಾಗ ಆಲ್ಟರ್ನೇಟರ್ ಅದನ್ನು 13.8ರಿಂದ 14.4 ವೋಲ್ಟಿಗೆ ಏರಿಸುತ್ತದೆ. ಆಲ್ಟರ್ನೇಟರಿನಲ್ಲಿ ಹುಟ್ಟುವುದು ಮೂರು ಫೇಸಿನ ಎಸಿ, ಡಯೋಡುಗಳು ಅದನ್ನು ಡಿಸಿ ಮಾಡುತ್ತವೆ. ಆದರೂ ಮೇಲುಗಡೆ ಸಣ್ಣ ಅಲೆ ಉಳಿದೇ ಉಳಿಯುತ್ತದೆ. ಇಂಜಿನ್ ವೇಗ ಏರಿದಂತೆ ಅಲೆಯ ಸಂಖ್ಯೆ ಏರುತ್ತದೆ, ಹಾಗಾಗಿ ಸದ್ದಿನ ಶ್ರುತಿಯೂ ಏರುತ್ತದೆ. ಚಾರ್ಜರ್ ಒಂದು ಕಡೆ ಅರ್ತ್ ಹಿಡಿದಿದೆ, ಸ್ಟೀರಿಯೊ ಇನ್ನೊಂದು ಕಡೆ. ಆ ಎರಡು ಜಾಗಗಳ ನಡುವೆ ಕೂದಲೆಳೆಯಷ್ಟು ವೋಲ್ಟೇಜ್ ವ್ಯತ್ಯಾಸ ಇದ್ದರೂ ಸಾಕು, ಅದು ಆಡಿಯೊ ವಯರಿನ ಮೂಲಕ ಹರಿದು ಸ್ಪೀಕರಿನಲ್ಲಿ ಕೇಳುತ್ತದೆ.

ಪರೀಕ್ಷೆ ಸುಲಭ. ಪ್ಲೇಯರ್ ಹಾಡುತ್ತಿರಲಿ, ಚಾರ್ಜರ್ ಎಳೆಯಿರಿ. ಸದ್ದು ಹೋಯಿತೇ? ಹಾಗಾದರೆ ಅರ್ತ್ ಸುತ್ತುತ್ತಿದೆ. ಹೋಗದಿದ್ದರೆ ಸ್ಟೀರಿಯೊದ್ದೇ ಅರ್ತ್ ಸಡಿಲ ಇರಬಹುದು, ಅದನ್ನು ಬಿಗಿ ಮಾಡಿಸಬೇಕು.

ಪರಿಹಾರ ಮೂರು ಇವೆ. ಮನೆಯಲ್ಲಿ ಚಾರ್ಜ್ ಮಾಡಿಕೊಂಡು ಬಂದು ಕಾರಿನಲ್ಲಿ ಬ್ಯಾಟರಿಯಲ್ಲೇ ನುಡಿಸುವುದು ಒಂದು. ಮಂಗಳೂರಿಗೆ ಹೋಗಿ ಬರುವಷ್ಟಕ್ಕೆ ನನಗೆ ಅದೇ ಸಾಕು, ಹೆಚ್ಚಿನವರಿಗೂ ಸಾಕು. ಗ್ರೌಂಡ್ ಲೂಪ್ ಐಸೊಲೇಟರ್ ಎಂಬ ಬೆಂಕಿಪೊಟ್ಟಣದಷ್ಟು ದೊಡ್ಡ ಸಾಧನವನ್ನು ಆಡಿಯೊ ವಯರಿನ ನಡುವೆ ಹಾಕುವುದು ಇನ್ನೊಂದು. ಅದರೊಳಗೆ ಎರಡು ಪುಟ್ಟ ಟ್ರಾನ್ಸ್‌ಫಾರ್ಮರ್ ಇರುತ್ತವೆ. ಹಾಡು ಕಾಂತಕ್ಷೇತ್ರವಾಗಿ ದಾಟುತ್ತದೆ, ಅರ್ತ್ ದಾಟುವುದಿಲ್ಲ. ತೀರಾ ಅಗ್ಗದ್ದರಲ್ಲಿ ಮದ್ದಳೆಯ ಗುಂಕಾರದ ಕೆಳಸ್ವರ ತುಸು ಸೊರಗುತ್ತದೆ, ಮಾತಿಗೆ ಏನೂ ಆಗುವುದಿಲ್ಲ. ಮೂರನೆಯದು ಪ್ಲೇಯರಿನ ಚಾರ್ಜಿಗೆ ಸ್ಟೀರಿಯೊದ ಹಿಂದಿನಿಂದಲೇ ಕರೆಂಟು, ಅದರ ಅರ್ತಿನ ಜಾಗದಿಂದಲೇ ಅರ್ತ್ ತೆಗೆಯುವುದು.

ಈ ಮೂರನೆಯದ್ದನ್ನು ಮಾಡುವವರಿಗೆ ಕೆಲವು ಮಾತು. ಮೊದಲು ಬ್ಯಾಟರಿಯ ನೆಗೆಟಿವ್ ಕಳಚಿ. ಮಾರುಕಟ್ಟೆಯಲ್ಲಿ ಸಿಗುವ ಸ್ಟೀರಿಯೊಗಳ ವಯರಿನಲ್ಲಿ ಹಳದಿ ಯಾವಾಗಲೂ ಬ್ಯಾಟರಿಗೆ ಸೇರಿದ್ದು, ಕೆಂಪು ಕೀ ತಿರುಗಿಸಿದಾಗ ಮಾತ್ರ ಕರೆಂಟು ಬರುವಂಥದ್ದು, ಕಪ್ಪು ಅರ್ತ್. ನಿಮಗೆ ಬೇಕಾದದ್ದು ಕೆಂಪು. ಹಳದಿಗೆ ಜೋಡಿಸಿದರೆ ವಾರಗಟ್ಟಲೆ ನಿಂತ ಕಾರಿನ ಬ್ಯಾಟರಿ ಇಳಿದುಹೋಗುತ್ತದೆ. ಆದರೆ ಕಾರಿನ ಕಂಪೆನಿಯ ವಯರುಗಳ ಬಣ್ಣ ಬೇರೆಯೇ ಇರುತ್ತದೆ, ಹಾಗಾಗಿ ಬಣ್ಣವನ್ನು ನಂಬದೆ ಮೀಟರನ್ನು ನಂಬಿ. ಅಳೆಯುವಷ್ಟು ಹೊತ್ತು ಮಾತ್ರ ಬ್ಯಾಟರಿ ಜೋಡಿಸಿ, ಮತ್ತೆ ಕಳಚಿ ಕೆಲಸ ಮಾಡಿ. ಏರ್‌ಬ್ಯಾಗ್ ಇರುವ ಕಾರುಗಳಲ್ಲಿ ಅದರ ವಯರು, ಕನೆಕ್ಟರುಗಳೂ ಹಳದಿಯೇ. ಅದನ್ನು ಮುಟ್ಟಲೇಬಾರದು. ಗುರುತು ಹತ್ತದಿದ್ದರೆ ಆಟೋ ಇಲೆಕ್ಟ್ರಿಶಿಯನ್ ಬಳಿ ಹೋಗಿ, ಅದರಲ್ಲಿ ಸಂಕೋಚ ಬೇಡ.

ಕೆಂಪು ವಯರಿನಿಂದ ಟ್ಯಾಪ್ ತೆಗೆದ ಜಾಗದ ಹತ್ತಿರದಲ್ಲೇ 2 ಆಂಪಿಯರಿನ ಫ್ಯೂಸ್, ಅದರ ಮುಂದೆ 12 ವೋಲ್ಟನ್ನು 5 ವೋಲ್ಟಿಗೆ ಇಳಿಸುವ ಕನ್ವರ್ಟರ್, ಅಲ್ಲಿಂದ ಯುಎಸ್‌ಬಿ. ಫ್ಯೂಸನ್ನು ದೂರ ಇಟ್ಟರೆ ನಡುವಿನ ವಯರು ಎಲ್ಲಾದರೂ ಉಜ್ಜಿ ಶಾರ್ಟ್ ಆದಾಗ ಅದು ಕಾಯುವುದಿಲ್ಲ. ಜೋಡಣೆಗೆ ಇನ್ಸುಲೇಶನ್ ಟೇಪು ಸಾಲದು. ಏಪ್ರಿಲ್-ಮೇಯ ಬಿಸಿಲಿಗೆ ಅದರ ಅಂಟು ಕರಗಿ ಟೇಪು ಬಿಚ್ಚಿಕೊಳ್ಳುತ್ತದೆ. ಸೋಲ್ಡರ್ ಮಾಡಿ ಹೀಟ್ ಶ್ರಿಂಕ್ ಟ್ಯೂಬ್ ಹಾಕಿ. ಕನ್ವರ್ಟರನ್ನು ಆಂಟೆನಾದ ವಯರಿನಿಂದ ದೂರ ಇಡಿ, ಇಲ್ಲವಾದರೆ ಮಂಗಳೂರು ಆಕಾಶವಾಣಿ ಹಾಕಿದಾಗ ಬುಸ್ ಎನ್ನುವ ಸದ್ದು ಬರುತ್ತದೆ.

ಸದ್ದಿನ ಮಟ್ಟ

ವಯರು ಸರಿಯಾದ ಮೇಲೆ ಕಿವಿಯ ಕೆಲಸ. ಹೆಡ್‌ಫೋನ್ ತೂತಿನಿಂದ ಜೋಡಿಸಿದ್ದರೆ ಪ್ಲೇಯರಿನ ವಾಲ್ಯೂಮ್ ಮುಕ್ಕಾಲಿಗಿಂತ ತುಸು ಮೇಲೆ ಇಡಿ. ಕಡಿಮೆ ಇಟ್ಟು ಸ್ಟೀರಿಯೊವನ್ನು ಏರಿಸಿದರೆ ಸ್ಟೀರಿಯೊದ ಒಳಗಿನ ಸೊಂಯ್ ಎಂಬ ಸದ್ದೂ ದೊಡ್ಡದಾಗುತ್ತದೆ. ಅಷ್ಟೇ ಅಲ್ಲ, ಹಾಗೆ ಏರಿಸಿಟ್ಟು ರೇಡಿಯೊಗೆ ಬದಲಿಸಿದರೆ ಕಿವಿ ಒಡೆಯುವಂತೆ ಕೂಗುತ್ತದೆ. ಪಕ್ಕದಲ್ಲಿ ವಯಸ್ಸಾದವರಿದ್ದರೆ ಬೆಚ್ಚಿಬೀಳುತ್ತಾರೆ. ಪ್ಲೇಯರನ್ನು ತುದಿಗೇರಿಸಿದರೂ ಕಷ್ಟ, ಚೆಂಡೆಯ ಪೆಟ್ಟು ಸೀಳುತ್ತದೆ.

ನಾನು ಮಾಡುವುದು ಹೀಗೆ. ನಿಂತ ಕಾರಿನಲ್ಲಿ ರೇಡಿಯೊ ಹಾಕಿ ಸುಖವಾಗಿ ಕೇಳುವಷ್ಟು ಇಡುತ್ತೇನೆ, ನನ್ನ ಸ್ಟೀರಿಯೊದಲ್ಲಿ ಅದು 18. ಅದನ್ನು ಮುಟ್ಟದೆ ಆಕ್ಸಿಗೆ ಬದಲಿಸಿ, ಪ್ರಸಂಗದ ಅತ್ಯಂತ ಜೋರಿನ ಭಾಗ ಹಾಕುತ್ತೇನೆ. ಯುದ್ಧದ ಪದ್ಯ ಇದಕ್ಕೆ ಸರಿ. ಚೆಂಡೆ ಸೀಳುವವರೆಗೆ ಪ್ಲೇಯರನ್ನು ಏರಿಸಿ, ಅಲ್ಲಿಂದ ಎರಡು ಹೆಜ್ಜೆ ಇಳಿಸಿ ಬಿಡುತ್ತೇನೆ. ಆಮೇಲೆ ದಾರಿಯಲ್ಲಿ ಪ್ಲೇಯರಿನ ವಾಲ್ಯೂಮ್ ಮುಟ್ಟುವುದಿಲ್ಲ, ಎಲ್ಲವೂ ಸ್ಟೀರಿಯೊದ ಗುಂಡಿಯಲ್ಲೇ. ಐಪಾಡಿನ ಅಡಿಯ ಅಗಲ ಸಾಕೆಟ್ಟಿನಿಂದ ಲೈನ್ ಔಟ್ ತೆಗೆಯುವ ವಯರ್ ಸಿಕ್ಕಿದರೆ ಈ ಗೋಜೇ ಇಲ್ಲ, ಅದರ ಮಟ್ಟ ಸ್ಥಿರ.

ಪ್ಲೇಯರಿನ ಈಕ್ವಲೈಸರ್ ಆಫ್ ಇರಲಿ, ಸ್ಟೀರಿಯೊದ ಲೌಡ್‌ನೆಸ್ ಕೂಡ. ಟಯರು ಮತ್ತು ಇಂಜಿನ್ನಿನ ಸದ್ದು ಹೆಚ್ಚಾಗಿ ಕೆಳಸ್ವರದ್ದು. ಮಾತಿನ ಸ್ಪಷ್ಟತೆ ಇರುವುದು ವ್ಯಂಜನಗಳಲ್ಲಿ, ಮುಖ್ಯವಾಗಿ 2,000ದಿಂದ 4,000 ಹರ್ಟ್ಸ್ ಆಸುಪಾಸು. ಹಾಗಾಗಿ ಬೇಸನ್ನು ಎರಡು ಇಳಿಸಿ ಟ್ರೆಬಲನ್ನು ಒಂದು ಏರಿಸಿದ್ದೇನೆ. ಅಪ್ಪನಿಗೆ ಎಡಗಿವಿ ಮಂದ, ಎದುರಿನ ಎಡ ಸೀಟಿನಲ್ಲಿ ಕೂತಾಗ ಆ ಕಿವಿ ಕಿಟಕಿಯ ಕಡೆಗಿರುತ್ತದೆ. ಬ್ಯಾಲೆನ್ಸನ್ನು ಬಲಕ್ಕೆ ಮೂರು, ಫೇಡರನ್ನು ಮುಂದಕ್ಕೆ ನಾಲ್ಕು ಸರಿಸಿದೆ. ನಿಮ್ಮ ಪಕ್ಕ ಕೂರುವವರ ಯಾವ ಕಿವಿ ಚುರುಕು ಎಂದು ಕೇಳಿ ತಿಳಿದುಕೊಳ್ಳಿ. ಹೊಸ ಸ್ಪೀಕರಿಗೆ ದುಡ್ಡು ಹಾಕುವುದಕ್ಕಿಂತ ಅದರಿಂದ ಹೆಚ್ಚು ಉಪಕಾರ.

ಕೂಟದ ಧ್ವನಿಮುದ್ರಣದಲ್ಲಿ ಇನ್ನೊಂದು ಕಷ್ಟ ಇದೆ. ಅರ್ಥಧಾರಿ ಪಿಸುಮಾತಿಗೆ ಇಳಿಯುತ್ತಾರೆ, ಮರುಕ್ಷಣ ಗರ್ಜಿಸುತ್ತಾರೆ. ಮನೆಯ ಜಗಲಿಯಲ್ಲಿ ಅದೇ ಸೊಗಸು. ಕಾರಿನಲ್ಲಿ ಪಿಸುಮಾತನ್ನು ಟಯರಿನ ಸದ್ದು ನುಂಗುತ್ತದೆ. ಕ್ಯಾಸೆಟ್ಟಿನಿಂದ ಕಂಪ್ಯೂಟರಿಗೆ ಇಳಿಸುವಾಗ ಆಡಾಸಿಟಿ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ, ಮೆಲುದನಿಗೂ ಜೋರಿಗೂ ಇರುವ ಅಂತರ ತಗ್ಗಿಸುವ ಕಂಪ್ರೆಸರ್ ಹಾಕಿ ಕಾರಿಗೆಂದೇ ಒಂದು ಪ್ರತಿ ಮಾಡಿಕೊಳ್ಳಿ. ಮೂಲ ಪ್ರತಿಯನ್ನು ಮುಟ್ಟದೆ ಬೇರೆ ಇಡಿ, ಅದು ಮುಂದಿನವರಿಗೆ ಬೇಕು. ಒಂದೇ ಚಾನಲಿನಲ್ಲಿ ತುಂಬಿದ್ದನ್ನು ಮೋನೊ ಮಾಡಿದರೆ ಎರಡೂ ಬದಿಯಲ್ಲಿ ಕೇಳುತ್ತದೆ. ಎಂಪಿ3ಗೆ 128 ಕೆಬಿಪಿಎಸ್ ಸಾಕು: ಗಂಟೆಗೆ 58 ಎಂಬಿಯಷ್ಟು. ಅಪ್ಪನ 60 ಕ್ಯಾಸೆಟ್ಟು, ತಲಾ 90 ನಿಮಿಷ, ಒಟ್ಟು 90 ಗಂಟೆ, ಸುಮಾರು 5.2 ಜಿಬಿ. ಎಂಟು ಜಿಬಿಯ ಸಣ್ಣ ಪ್ಲೇಯರಿನಲ್ಲೂ ಹಿಡಿಯುತ್ತದೆ.

ಪ್ರಸಂಗಕ್ಕೊಂದು ಫೋಲ್ಡರ್, ಫೈಲುಗಳಿಗೆ 01, 02 ಎಂದು ಎರಡಂಕೆಯ ನಂಬರು. ಬರೇ 1, 2 ಎಂದಿಟ್ಟರೆ ಕೆಲವು ಪ್ಲೇಯರುಗಳಲ್ಲಿ 1 ಆದ ಮೇಲೆ 10 ಬರುತ್ತದೆ, ಆರಂಭದ ಸಭಾಲಕ್ಷಣದಿಂದ ನೇರ ಯುದ್ಧಕ್ಕೆ ಹೋದಂತಾಗುತ್ತದೆ. ಷಫಲ್ ಆಫ್ ಇದೆಯೇ ಎಂದೂ ನೋಡಿ. ಪೆನ್‌ಡ್ರೈವಿನಲ್ಲಿ ಹಾಕುವವರು ಅದನ್ನು ಫ್ಯಾಟ್32ರಲ್ಲಿ ಫಾರ್ಮ್ಯಾಟ್ ಮಾಡಿ, ಹಳೆಯ ಸ್ಟೀರಿಯೊಗಳು ಬೇರೆಯದನ್ನು ಓದುವುದಿಲ್ಲ.

ಎಲ್ಲಿ ಕೂರಿಸುವುದು

ಸೀಟ್‌ಬೆಲ್ಟ್ ಹಾಕಿ ಕೂರಿ. ಕಣ್ಣು ರಸ್ತೆಯ ಮೇಲೇ ಇರಲಿ. ಎಡಗೈಯನ್ನು ಸ್ಟೀರಿಂಗಿನಿಂದ ಬಿಟ್ಟು ಸಹಜವಾಗಿ ಇಳಿಸಿ. ಅದು ಹೋಗಿ ನಿಲ್ಲುವ ಜಾಗದ ಹತ್ತಿರದಲ್ಲಿ ಪ್ಲೇಯರ್ ಇರಬೇಕು. ಬೆನ್ನು ಸೀಟಿನಿಂದ ಏಳಬೇಕಾದರೆ ಅದು ಜಾಗವಲ್ಲ.

ಎದುರಿನ ಗಾಜಿಗೆ ಅಂಟಿಸುವುದನ್ನು ನಾನು ಒಪ್ಪುವುದಿಲ್ಲ. ನಮ್ಮ ಬದಿಯಡ್ಕದ ದಾರಿಯ ತಿರುವುಗಳಲ್ಲಿ ಎದುರಿನ ಬಸ್ಸು ಆ ಮೂಲೆಯಿಂದಲೇ ಬರುವುದು. ಏರ್‌ಬ್ಯಾಗಿನ ಮುಚ್ಚಳದ ಮೇಲಂತೂ ಏನನ್ನೂ ಇಡಬಾರದು, ಅದು ಬಿಚ್ಚಿದರೆ ಪ್ಲೇಯರ್ ಕಲ್ಲಿನಂತೆ ಮುಖಕ್ಕೆ ಬರುತ್ತದೆ. ಡ್ಯಾಶ್‌ಬೋರ್ಡಿನ ಮೇಲ್ಭಾಗ ಬಿಸಿಲಿಗೆ ಕಾದ ಹಂಚಿನಂತಾಗುತ್ತದೆ. ಐಪಾಡ್ ಕ್ಲಾಸಿಕ್ ನುಡಿಸುವಾಗ 35 ಡಿಗ್ರಿ, ಸುಮ್ಮನೆ ಇಟ್ಟಾಗ 45 ಡಿಗ್ರಿ ದಾಟಬಾರದು ಎಂದು ಕಂಪೆನಿಯೇ ಹೇಳಿದೆ. ಮೇ ತಿಂಗಳಲ್ಲಿ ಮುಚ್ಚಿದ ಕಾರಿನೊಳಗೆ ಅದು ಬಹಳ ಬೇಗ ದಾಟುತ್ತದೆ. ಎಸಿಯ ಕಿಂಡಿಗೆ ಸಿಕ್ಕಿಸುವ ಕ್ಲಿಪ್ಪು ತಂಪಾಗಿಡುತ್ತದೆಂದು ಕಾಣುತ್ತದೆ. ಆದರೆ ಆಟಿಯ ಮಳೆಯಲ್ಲಿ ಬಾಗಿಲು ತೆರೆದೊಡನೆ ತಣ್ಣಗಾದ ಪ್ಲೇಯರಿನ ಮೇಲೆ ಬೆವರು ಕೂರುತ್ತದೆ, ತೇವ ಸಾಕೆಟ್ಟಿನೊಳಗೆ ಹೋಗುತ್ತದೆ.

ನಾನು ಆರಿಸಿದ್ದು ಗೇರಿನ ಎದುರು, ಸ್ಟೀರಿಯೊದ ಕೆಳಗಿನ ಗೂಡಿನ ಎಡ ಗೋಡೆ. ಬಿಸಿಲು ಬೀಳುವುದಿಲ್ಲ. ಜಾಗ ಗುರುತಿಸಿದ ಮೇಲೆ ಎಲ್ಲ ಗೇರುಗಳನ್ನೂ ಹಾಕಿ ನೋಡಿ. ಒಂದು, ಮೂರು, ಐದರಲ್ಲಿ ಕೈ ಮುಂದಕ್ಕೆ ಹೋಗುತ್ತದೆ, ಗೆಣ್ಣು ತಾಗಬಾರದು. ರಿವರ್ಸ್ ಮರೆಯಬೇಡಿ.

ಸ್ಟ್ಯಾಂಡನ್ನು ತೋಟದ ನೀರಿನ ಪೈಪಿನಿಂದ ಮಾಡಿದೆ. 75 ಮಿ.ಮೀ.ಯ ಪಿವಿಸಿ ಪೈಪಿನ ತುಂಡನ್ನು ಉದ್ದಕ್ಕೆ ಸೀಳಿ, ಕುದಿಯುವ ನೀರಿನಲ್ಲಿ ಎರಡು-ಮೂರು ನಿಮಿಷ ಅದ್ದಿ, ಇಕ್ಕುಳದಲ್ಲಿ ತೆಗೆದು ಎರಡು ಹಲಗೆಗಳ ನಡುವೆ ಒತ್ತಿದರೆ ಚಪ್ಪಟೆ ಹಾಳೆ ಸಿಗುತ್ತದೆ. ತೋಟದಲ್ಲಿ ಜಾಯಿಂಟಿಗೆಂದು ಪೈಪನ್ನು ಬೆಂಕಿಗೆ ಹಿಡಿಯುವ ರೂಢಿ ಇದೆ. ಸುಟ್ಟ ಪಿವಿಸಿಯ ಹೊಗೆ ಶ್ವಾಸಕ್ಕೆ ಕೆಟ್ಟದ್ದು, ಬಿಸಿನೀರೇ ಸಾಕು. ಪ್ಲೇಯರಿನ ಅಗಲ 61.8 ಮಿ.ಮೀ., ದಪ್ಪ 10.5. ಒಳಗೆ ತೆಳ್ಳಗಿನ ಫೆಲ್ಟ್ ಅಂಟಿಸಲು ಬಿಟ್ಟು, ನಡುವೆ 64, ಎರಡು ಬದಿಗೆ 13ರಂತೆ, ಮುಂದೆ ಮಡಚುವ ಅಂಚಿಗೆ 6ರಂತೆ ಗೆರೆ ಹಾಕಿದೆ: ಒಟ್ಟು 102 ಮಿ.ಮೀ. ಅಗಲ. ಗೆರೆಯ ಜಾಗವನ್ನು ಮತ್ತೆ ಬಿಸಿನೀರಿಗೆ ಹಿಡಿದು ಮರದ ಪಟ್ಟಿಯ ಅಂಚಿನಲ್ಲಿ ಮಡಚಿ, ತಣ್ಣೀರು ಹೊಯ್ದರೆ ಗಟ್ಟಿಯಾಗುತ್ತದೆ. ಕೆಳಗೆ ಪ್ಲೇಯರ್ ಜಾರದಂತೆ ಎರಡು ಮೂಲೆಯಲ್ಲಿ ನಾಲಗೆಯಂತೆ ಬಿಟ್ಟು, ನಡುವೆ ವಯರಿಗೆ ತೆರವು. ಆ ತೆರವು ಪಿನ್ನಿನ ಹಿಡಿಕೆಗಿಂತ ಧಾರಾಳ ದೊಡ್ಡದಿರಲಿ, ಮೇಲೆ ಹೇಳಿದ ಕಾರಣಕ್ಕೇ. ಫೆಲ್ಟ್ ಬರೇ ಚಂದಕ್ಕಲ್ಲ. ಐಪಾಡ್ ಕ್ಲಾಸಿಕ್ಕಿನ ಒಳಗೆ ತಿರುಗುವ ಹಾರ್ಡ್ ಡಿಸ್ಕ್ ಇದೆ, ಹೊಂಡದ ರಸ್ತೆಯ ಕುಲುಕಾಟ ಅದಕ್ಕೆ ತಟ್ಟಬಾರದು. ಮೆಮೊರಿ ಕಾರ್ಡಿನ ಪ್ಲೇಯರಿಗೆ ಆ ಭಯ ಇಲ್ಲ.

ಅಂಟಿಸಲು ಡಬಲ್ ಸೈಡ್ ಫೋಮ್ ಟೇಪ್. ಡ್ಯಾಶ್‌ಬೋರ್ಡಿಗೆ ಪಾಲಿಶ್ ಹಚ್ಚಿದ್ದರೆ ಯಾವ ಟೇಪೂ ನಿಲ್ಲುವುದಿಲ್ಲ. ಸೋಪಿನ ನೀರಿನಲ್ಲಿ ಒರೆಸಿ, ಒಣಗಿದ ಮೇಲೆ ಸ್ಪಿರಿಟ್ ಹಾಕಿ ಒರೆಸಿ. ಪೆಟ್ರೋಲ್ ಬೇಡ, ಪ್ಲಾಸ್ಟಿಕ್ ಬಿಳಿಚುತ್ತದೆ. ಒಂದು ನಿಮಿಷ ಒತ್ತಿ ಹಿಡಿದು, ಪ್ಲೇಯರ್ ಇಡದೆ ಒಂದು ಹಗಲು ಒಂದು ರಾತ್ರಿ ಬಿಡಿ. ಮಳೆಗಾಲದಲ್ಲಿ ಈ ಕೆಲಸ ಮಾಡುವುದಾದರೆ ಹೊಳವು ಬಿದ್ದ ದಿನ ನೋಡಿ ಮಾಡಿ.

ವಯರನ್ನು ಗೇರಿನ ಎದುರಿನಿಂದ ಎಳೆಯದೆ ಗೂಡಿನ ಹಿಂಬದಿಯಿಂದ ತನ್ನಿ. ಪೆಡಲುಗಳ ಕಡೆಗೆ ಒಂದು ಇಂಚೂ ಇಳಿಯಬಾರದು. ಪ್ಲೇಯರಿನ ಹತ್ತಿರ ಅಂಗೈಯಷ್ಟು ಸಡಿಲ ಸುತ್ತು ಬಿಟ್ಟು ಕ್ಲಿಪ್ ಹಾಕಿ, ತೆಗೆದು ಇಡುವಾಗ ಪಿನ್ ಎಳೆದಂತಾಗುವುದಿಲ್ಲ.

ಕಾರು ನಿಲ್ಲಿಸಿ ಇಳಿಯುವಾಗ ಪ್ಲೇಯರನ್ನು ಕಿಸೆಗೆ ಹಾಕಿಕೊಂಡೇ ಇಳಿಯಿರಿ. ನಾವು ಜೂನಿನಿಂದ ಸೆಪ್ಟೆಂಬರ್‌ವರೆಗೆ ಅದನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡುತ್ತೇವೆ. ಆ ಡಬ್ಬಿಯ ಉಸ್ತುವಾರಿ ಈಗ ಅಪ್ಪನದು. ಮಂಗಳೂರಿಗೆ ಹೊರಡುವ ದಿನ ಬೆಳಿಗ್ಗೆ ನಾನು ಗೇಟು ತೆಗೆಯುವಷ್ಟರಲ್ಲಿ ಅವರು ಪ್ಲೇಯರನ್ನು ಸ್ಟ್ಯಾಂಡಿನಲ್ಲಿ ಕೂರಿಸಿ, ಪಿನ್ನನ್ನು ಹೆಬ್ಬೆರಳಿನಿಂದ ಒತ್ತಿ, ಟಕ್ ಎಂದಿತೇ ಎಂದು ಕಿವಿಗೊಟ್ಟು ಕೇಳುತ್ತಿರುತ್ತಾರೆ.